ನಾಯಿ ಕಡಿತ ಮತ್ತು ರೇಬೀಸ್: ಚುಚ್ಚುಮದ್ದಿನ ಕೋಣೆಯ ಮುಂದೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿ ಈಗಷ್ಟೇ ಕಚ್ಚಿದ್ದರೆ ಈ ಪುಟವನ್ನು ಪೂರ್ತಿ ಓದುತ್ತಾ ಕೂರಬೇಡಿ. ಮೊದಲ ಉತ್ತರ ಓದಿ, ಗಾಯ ತೊಳೆದು, ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ಸರದಿಯಲ್ಲಿ ನಿಂತಾಗ ಓದಬಹುದು.

ಮಾಂಸ ಕಿತ್ತುಬಂದವರು ಯಾರೂ ಹೇಳದಿದ್ದರೂ ಆಸ್ಪತ್ರೆಗೆ ಓಡಿ ಬರುತ್ತಾರೆ. ಬಾರದೆ ಮನೆಯಲ್ಲೇ ಉಳಿಯುವವರು ‘ಬರೀ ಹಲ್ಲು ತಾಗಿದ್ದು’, ‘ಪುಟ್ಟ ಮರಿ ಅದು’, ‘ನಮ್ಮನೆ ನಾಯಿನೇ ಅಲ್ವಾ’ ಎಂದುಕೊಂಡವರು. ಈ ಉತ್ತರಗಳನ್ನು ಬರೆದಿರುವುದು ಹೆಚ್ಚಾಗಿ ಅವರಿಗಾಗಿ.

ನಾಯಿ ಕಚ್ಚಿದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಯಾವುದು?

ನಲ್ಲಿ ಬಿಟ್ಟು, ಹರಿಯುವ ನೀರಿನ ಕೆಳಗೆ, ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಬಟ್ಟೆ ಸೋಪಾದರೂ ಸರಿ, ಮೈ ಸೋಪಾದರೂ ಸರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಮೇಲಿಂದ ಮೇಲೆ ಸುರಿಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಏಕೆಂದರೆ ನೋವಿರುವಾಗ ಎರಡು ನಿಮಿಷವೇ ಹದಿನೈದು ನಿಮಿಷದಂತೆ ಅನ್ನಿಸುತ್ತದೆ. ರೇಬೀಸ್ ವೈರಾಣುವಿನ ಸುತ್ತ ಕೊಬ್ಬಿನ ಪೊರೆ ಇರುತ್ತದೆ, ಸೋಪು ಆ ಪೊರೆಯನ್ನೇ ಒಡೆಯುತ್ತದೆ. ಎಂಜಲು ಇನ್ನೂ ಗಾಯದ ಬಾಯಲ್ಲಿರುವಾಗ ಮಾಡುವ ಈ ಕೆಲಸವನ್ನು ಆಮೇಲೆ ಯಾವ ವೈದ್ಯರೂ ಅಷ್ಟೇ ಚೆನ್ನಾಗಿ ಮಾಡಿಕೊಡಲಾರರು.

ತೊಳೆದ ಮೇಲೆ ಪೋವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಬಿಗಿಯಾಗಿ ಬಟ್ಟೆ ಸುತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ತೊಳೆದಿರದಿದ್ದರೆ ಆಸ್ಪತ್ರೆಯಲ್ಲಾದರೂ ತೊಳೆಯಲು ಜಾಗ ಕೇಳಿ, ನಾಚಿಕೊಳ್ಳಬೇಡಿ. ಗಂಟೆಗಳು ಕಳೆದಿದ್ದರೂ ತೊಳೆಯುವುದು ವ್ಯರ್ಥವಲ್ಲ.

ಮೆಣಸಿನಪುಡಿ, ಸುಣ್ಣ, ಕಾಫಿಪುಡಿ ಹಚ್ಚಿದರೆ ನಂಜು ಇಳಿಯುವುದಿಲ್ಲವೇ?

ಇಳಿಯುವುದಿಲ್ಲ. ಗಾಯವನ್ನು ಉರಿಸುವ, ಕೆರಳಿಸುವ ಏನನ್ನೇ ಹಚ್ಚಿದರೂ ವೈರಾಣುವಿಗೆ ನರದ ತುದಿ ಹಿಡಿಯಲು ದಾರಿ ಸಲೀಸಾಗುತ್ತದೆ. ಅರಿಶಿನ, ಸೀಮೆಎಣ್ಣೆ, ಸೊಪ್ಪಿನ ರಸ, ಕಾಸಿದ ಕಬ್ಬಿಣದ ಬರೆ ಎಲ್ಲಕ್ಕೂ ಇದೇ ಮಾತು. ನಾಟಿ ಔಷಧಿ ಕುಡಿದು, ಮಂತ್ರ ಹಾಕಿಸಿಕೊಂಡು, ತಾಯತ ಕಟ್ಟಿಸಿಕೊಂಡು ಬದುಕಿದವರ ಹೆಸರು ಪ್ರತಿ ಊರಲ್ಲೂ ಕೇಳಿಬರುತ್ತದೆ. ಅವರನ್ನು ಕಚ್ಚಿದ ನಾಯಿಗೆ ರೇಬೀಸ್ ಇರಲಿಲ್ಲ, ಅಷ್ಟೇ. ಕಚ್ಚುವ ನಾಯಿಗಳೆಲ್ಲಕ್ಕೂ ರೋಗ ಇರುವುದಿಲ್ಲ. ಆದರೆ ಯಾವುದಕ್ಕೆ ಇದೆ ಎಂಬುದು ಕಚ್ಚಿದ ಹೊತ್ತಿನಲ್ಲಿ ತಿಳಿಯುವುದಿಲ್ಲ. ಮನೆಯ ಹಿರಿಯರ ಸಮಾಧಾನಕ್ಕೆ ದೇವರಿಗೆ ಹರಕೆ ಹೊತ್ತುಕೊಳ್ಳಿ, ತಪ್ಪಿಲ್ಲ, ಆದರೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ.

ರಕ್ತ ಬಂದಿಲ್ಲ, ಬರೀ ಗೀರು ಬಿದ್ದಿದೆ. ಸೂಜಿ ಬೇಕೇ ಬೇಕೇ?

ಬೇಕು. ಕಡಿತವನ್ನು ವೈದ್ಯರು ಮೂರು ವರ್ಗ ಮಾಡುತ್ತಾರೆ. ನಾಯಿಯನ್ನು ಮುಟ್ಟಿದ್ದು, ಅದಕ್ಕೆ ಊಟ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೇ ವರ್ಗ. ಅದಕ್ಕೆ ತೊಳೆದುಕೊಂಡರೆ ಸಾಕು, ಲಸಿಕೆ ಬೇಡ. ರಕ್ತ ಬಾರದ ಗೀರು, ತರಚು, ಹಲ್ಲು ಒತ್ತಿ ಸಿಪ್ಪೆ ಎದ್ದ ಚರ್ಮ ಎರಡನೆಯದು. ಇದಕ್ಕೆ ಲಸಿಕೆ ಬೇಕು. ಚರ್ಮ ತೂತಾಗಿ ರಕ್ತ ಕಂಡರೆ, ಅದು ಒಂದೇ ಒಂದು ಹಲ್ಲಿನ ಗುರುತಾಗಿದ್ದರೂ, ಮೂರನೇ ವರ್ಗ. ಮೊದಲೇ ಇದ್ದ ಗಾಯವನ್ನು ನಾಯಿ ನೆಕ್ಕಿದ್ದರೆ, ಅದರ ಜೊಲ್ಲು ಕಣ್ಣು, ಬಾಯಿ, ಮೂಗಿನ ಒಳಪೊರೆಗೆ ತಾಗಿದ್ದರೆ ಅದೂ ಮೂರನೆಯದೇ. ಕಾಡುಪ್ರಾಣಿ ಕಚ್ಚಿದ್ದನ್ನೂ ಇಲ್ಲಿಗೇ ಸೇರಿಸುತ್ತಾರೆ. ಮೂರನೇ ವರ್ಗಕ್ಕೆ ಲಸಿಕೆಯ ಜೊತೆಗೆ ಗಾಯಕ್ಕೇ ಹಾಕುವ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಗೀರಿನಲ್ಲಿ ರಕ್ತ ಬಂದಿದೆಯೇ ಇಲ್ಲವೇ ಎಂದು ಅನುಮಾನ ಬಂದರೆ ಬಂದಿದೆ ಎಂದೇ ತಿಳಿಯಿರಿ. ಪ್ಯಾಂಟಿನ ಮೇಲಿಂದ ಕಚ್ಚಿದೆ, ಬಟ್ಟೆ ಹರಿದಿಲ್ಲ ಎನ್ನುವವರು ಬಟ್ಟೆ ಎತ್ತಿ ಬೆಳಕಿನಲ್ಲಿ ನೋಡಲೇಬೇಕು. ಬಟ್ಟೆ ಹರಿಯದೆ ಚರ್ಮ ತೂತಾಗಬಹುದು.

ಈ ರೋಗಕ್ಕೆ ಇಷ್ಟೊಂದು ಭಯ ಏಕೆ?

ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಹೆಚ್ಚುಕಡಿಮೆ ಖಚಿತವಾಗಿರುವುದರಿಂದ. ವೈರಾಣು ರಕ್ತದಲ್ಲಿ ಹರಿಯುವುದಿಲ್ಲ. ಗಾಯದ ಹತ್ತಿರದ ನರ ಹಿಡಿದು, ನಿಧಾನವಾಗಿ ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ ಹತ್ತುತ್ತದೆ. ಈ ಪಯಣ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳದು. ಒಂದು ವಾರದಲ್ಲೇ ಮುಗಿದದ್ದೂ ಇದೆ, ವರ್ಷ ದಾಟಿದ್ದೂ ಇದೆ. ಮುಖ, ತಲೆ, ಕುತ್ತಿಗೆಗೆ ಕಚ್ಚಿದರೆ ದಾರಿ ಚಿಕ್ಕದು. ಬೆರಳ ತುದಿಯಲ್ಲಿ ನರಗಳು ದಟ್ಟವಾಗಿರುವುದರಿಂದ ಅಲ್ಲೂ ಅಪಾಯ ಹೆಚ್ಚು.

ಲಕ್ಷಣಗಳು ಹೀಗೆ: ಮೊದಲು, ವಾಸಿಯಾದ ಗಾಯದ ಜಾಗದಲ್ಲಿ ಜುಮ್ಮೆನ್ನುವುದು, ತುರಿಕೆ, ಜ್ವರ. ಆಮೇಲೆ ನೀರು ಕುಡಿಯಲು ಹೋದರೆ ಗಂಟಲು ಹಿಡಿದುಕೊಳ್ಳುವುದು, ಕೊನೆಗೆ ನೀರು ಕಂಡರೇ ನಡುಕ, ಫ್ಯಾನಿನ ಗಾಳಿ ತಾಗಿದರೂ ಬೆಚ್ಚಿಬೀಳುವುದು. ಐವರಲ್ಲಿ ಒಬ್ಬರಿಗೆ ಈ ಆರ್ಭಟವೇ ಇರುವುದಿಲ್ಲ. ಕಚ್ಚಿದ ಕೈ ಅಥವಾ ಕಾಲಿನಿಂದ ಶುರುವಾಗಿ ಮೈ ಸೋಲುತ್ತಾ ಬರುತ್ತದೆ, ರೋಗ ಗುರುತಿಸುವುದೇ ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಪ್ರಯೋಗಾಲಯಗಳು ಇಂಥ ಸಂದರ್ಭದಲ್ಲಿ ಪರೀಕ್ಷೆ ಮಾಡಿ ಹೇಳುತ್ತವೆ. 2004ರಲ್ಲಿ ಅಮೆರಿಕದ ಹುಡುಗಿಯೊಬ್ಬಳು ಲಸಿಕೆಯಿಲ್ಲದೆ ಬದುಕಿ ಉಳಿದಳು ಎಂಬುದು ನಿಜ. ಆಕೆಗೆ ಕೊಟ್ಟ ಚಿಕಿತ್ಸಾಕ್ರಮವನ್ನು ಆಮೇಲೆ ಎಷ್ಟೋ ರೋಗಿಗಳ ಮೇಲೆ ಮಾಡಿ ನೋಡಿದರೂ ಅದು ನೆಚ್ಚಿಕೊಳ್ಳುವಂತೆ ಕೈಹಿಡಿಯಲಿಲ್ಲ. ನಮ್ಮ ಕೈಯಲ್ಲಿರುವುದು ಕಚ್ಚಿದ ಹೊತ್ತಿಗೂ ಲಕ್ಷಣಕ್ಕೂ ನಡುವಿನ ಕಾಲ ಮಾತ್ರ.

ಭಾರತದಲ್ಲಿ ಎಷ್ಟು ಜನ ಸಾಯುತ್ತಿದ್ದಾರೆ?

2003ರ ಸುಮಾರಿಗೆ ನಡೆದ ದೇಶವ್ಯಾಪಿ ಸಮೀಕ್ಷೆಯ ಅಂದಾಜು ವರ್ಷಕ್ಕೆ ಸುಮಾರು 20,000 ಸಾವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022–23ರಲ್ಲಿ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಅಂದಾಜು 5,726. ಸಾವು ಬಹಳ ಇಳಿದಿದೆ, ಅದು ಸಂತೋಷದ ಮಾತು. ಆದರೆ ಅದೇ ಸಮೀಕ್ಷೆ ವರ್ಷಕ್ಕೆ ಸುಮಾರು 91 ಲಕ್ಷ ಜನರಿಗೆ ಪ್ರಾಣಿಗಳು ಕಚ್ಚುತ್ತವೆ ಎಂದಿತು. ಅವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ನಾಯಿ ಕಡಿತ. ಕಚ್ಚಿಸಿಕೊಂಡವರಲ್ಲಿ ಐದರಲ್ಲಿ ಒಬ್ಬರು ಒಂದೇ ಒಂದು ಡೋಸ್ ಲಸಿಕೆಯನ್ನೂ ಪಡೆದಿರಲಿಲ್ಲ. ಶುರುಮಾಡಿದವರಲ್ಲೂ ಸುಮಾರು ಅರ್ಧದಷ್ಟು ಮಂದಿ ಕೊನೆಯವರೆಗೆ ಮುಗಿಸಿರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ಎರಡು ಲೆಕ್ಕಗಳು, ಏಕೆಂದರೆ ಲಸಿಕೆ ಇರುವ ದೇಶದಲ್ಲಿ ಸಾವು ನುಸುಳುವುದು ಅಲ್ಲಿಂದಲೇ.

ಕರ್ನಾಟಕ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಎಂದು ಘೋಷಿಸಿತು. ಖಾಸಗಿ ಆಸ್ಪತ್ರೆಯೂ ಮುಚ್ಚಿಡುವಂತಿಲ್ಲ.

ನಾಯಿ ಹೆಚ್ಚಾಗಿ ಯಾರಿಗೆ, ಎಲ್ಲಿ, ಯಾವಾಗ ಕಚ್ಚುತ್ತದೆ?

ಕಡಿತಕ್ಕೂ ಒಂದು ಜಾಡು ಇದೆ. ಗೊತ್ತಿದ್ದರೆ ಅರ್ಧ ತಪ್ಪಿಸಿಕೊಂಡಂತೆ.

ಮೊದಲನೆಯದು ಎತ್ತರ. ದೊಡ್ಡವರಿಗೆ ಕಚ್ಚಿದ ಗಾಯ ಹೆಚ್ಚಾಗಿ ಮೀನಖಂಡದಲ್ಲಿ, ತೊಡೆಯಲ್ಲಿ, ಕೈಯಲ್ಲಿ. ಮೂರು ನಾಲ್ಕು ವರ್ಷದ ಮಗುವಿನ ಮುಖ ನಾಯಿಯ ಬಾಯಿಯ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ಅದೇ ನಾಯಿ, ಅದೇ ಸಿಟ್ಟು, ಆದರೆ ಮಗುವಿಗೆ ಕೆನ್ನೆ, ತುಟಿ, ತಲೆ. ಮಗು ತಪ್ಪಿಸಿಕೊಳ್ಳಲು ಬಗ್ಗುತ್ತದೆ, ಬೀಳುತ್ತದೆ, ಆಗ ಕುತ್ತಿಗೆಯೂ ಸಿಗುತ್ತದೆ. ಶಂಕಿತ ಪ್ರಾಣಿಯಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ ನಲವತ್ತು ಮಂದಿ 15 ವರ್ಷದೊಳಗಿನವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇನ್ನೊಂದು ಸಂಕಟವೂ ಇದೆ: ಬೈಗುಳಕ್ಕೆ, ಸೂಜಿಗೆ ಹೆದರಿ ಮಕ್ಕಳು ಹೇಳುವುದೇ ಇಲ್ಲ. ‘ಬಿದ್ದೆ’ ಎನ್ನುತ್ತವೆ. ಮಗು ಆಡಿ ಬಂದಾಗ ಕಾಲಿನ ಮೇಲೆ ಜೋಡಿ ತೂತು ಕಂಡರೆ ಬೈಯದೆ ಕೇಳಿ.

ಎರಡನೆಯದು ಮರಿಗಳ ಕಾಲ. ನಮ್ಮ ಬೀದಿ ನಾಯಿಗಳು ಮಳೆಗಾಲದ ಕೊನೆಯಿಂದ ಕಾರ್ತಿಕದವರೆಗೆ ಬೆದೆಗೆ ಬರುತ್ತವೆ. ಆಗ ಗಂಡು ನಾಯಿಗಳ ಜಗಳದ ನಡುವೆ ಸಿಕ್ಕವರಿಗೆ ಬಾಯಿ ಬೀಳುತ್ತದೆ. ಎರಡು ತಿಂಗಳ ಮೇಲೆ, ಚಳಿಗೆ, ಚರಂಡಿಯ ಪೈಪಿನಲ್ಲೋ ನಿಂತ ಲಾರಿಯ ಅಡಿಯಲ್ಲೋ ಮರಿಗಳು. ದಿನವೂ ಬಾಲ ಅಲ್ಲಾಡಿಸುತ್ತಿದ್ದ ತಾಯಿ ನಾಯಿ ಆಗ ಮರಿಯ ಹತ್ತಿರ ಬಂದ ಯಾರನ್ನೂ ಬಿಡುವುದಿಲ್ಲ. ಮರಿ ಎತ್ತಿಕೊಳ್ಳಲು ಬಗ್ಗಿದ ಮಕ್ಕಳಿಗೆ ಕಚ್ಚುವುದು ಹೀಗೆಯೇ.

ಮೂರನೆಯದು ಜಾಗ. ಕೋಳಿ ಅಂಗಡಿ, ಮಾಂಸದ ಅಂಗಡಿ, ಕಲ್ಯಾಣ ಮಂಟಪದ ಹಿಂದಿನ ಎಂಜಲೆಲೆ ರಾಶಿ, ಖಾಲಿ ಸೈಟಿನ ಕಸ. ಅನ್ನ ಇದ್ದಲ್ಲಿ ಗುಂಪು, ಗುಂಪು ಇದ್ದಲ್ಲಿ ಗಡಿ. ಬೆಳಗಿನ ಜಾವ ಹಾಲು, ಪೇಪರ್ ಹಾಕುವವರು, ರಾತ್ರಿ ಪಾಳಿ ಮುಗಿಸಿ ನಡೆದು ಬರುವವರು, ಪೌರಕಾರ್ಮಿಕರು ಬೀದಿ ಖಾಲಿಯಿರುವ ಹೊತ್ತಿನಲ್ಲಿ ಆ ಗಡಿ ದಾಟುತ್ತಾರೆ.

ನಾಲ್ಕನೆಯದನ್ನು ಜನ ಒಪ್ಪಿಕೊಳ್ಳುವುದು ನಿಧಾನ: ಪರಿಚಯದ ನಾಯಿ. ಮನೆಯದು, ಪಕ್ಕದ ಮನೆಯದು, ತೋಟದ ಕಾವಲಿನದು. ಊಟ ಮಾಡುವಾಗ ಮುಟ್ಟಿದ್ದು, ಮಲಗಿದ್ದಾಗ ತುಳಿದದ್ದು, ಎರಡು ನಾಯಿಗಳ ಜಗಳ ಬಿಡಿಸಲು ಕೈ ಹಾಕಿದ್ದು, ಗಾಯಗೊಂಡ ನಾಯಿಯನ್ನು ಎತ್ತಲು ಹೋದದ್ದು.

ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರಲ್ಲ?

ಗಾದೆ ಮನುಷ್ಯರ ಬಗ್ಗೆ ಹೇಳಿದ್ದು. ಬೊಗಳುವ ನಾಯಿ ಕಚ್ಚುತ್ತದೆ. ಬೊಗಳುವುದು ‘ದೂರ ಹೋಗು’ ಎಂಬ ಎಚ್ಚರಿಕೆ, ಅದನ್ನು ಕೇಳದಿದ್ದರೆ ಮುಂದಿನದು ಹಲ್ಲು. ಮೈ ಬಿಗಿದು, ತುಟಿ ಎತ್ತಿ, ಕಣ್ಣು ಕೀಲಿಸಿ ನಿಂತ ನಾಯಿ ಬೊಗಳುವ ನಾಯಿಗಿಂತ ಹೆಚ್ಚು ಅಪಾಯಕಾರಿ. ಬಾಲ ಅಲ್ಲಾಡುತ್ತಿದೆ ಎಂದ ಮಾತ್ರಕ್ಕೆ ಗೆಳೆತನವೂ ಅಲ್ಲ. ಎತ್ತಿ ಸೆಟೆಸಿ ಅಲ್ಲಾಡಿಸುವ ಬಾಲ ಬೇರೆ, ಮೈಯೆಲ್ಲ ಬಳುಕಿಸಿ ಅಲ್ಲಾಡಿಸುವುದು ಬೇರೆ.

ಅಟ್ಟಿಸಿಕೊಂಡು ಬಂದರೆ ಓಡಬೇಡಿ. ಓಡುವುದನ್ನು ಬೆನ್ನಟ್ಟುವುದು ನಾಯಿಯ ಸ್ವಭಾವ. ಕಣ್ಣಲ್ಲಿ ಕಣ್ಣಿಡದೆ, ಕೈಗಳನ್ನು ಮೈಗೆ ಅಂಟಿಸಿ ನಿಲ್ಲಿ, ಅದು ಆಸಕ್ತಿ ಕಳೆದುಕೊಂಡ ಮೇಲೆ ಬೆನ್ನು ತೋರಿಸದೆ ಹಿಂದೆ ಸರಿಯಿರಿ. ಕೈಯಲ್ಲಿ ಚೀಲ, ಕೊಡೆ ಇದ್ದರೆ ಅದನ್ನು ನಡುವೆ ಹಿಡಿಯಿರಿ. ಬೈಕಿನಲ್ಲಿ ಹೋಗುವಾಗ ವೇಗ ಹೆಚ್ಚಿಸಿದರೆ ನಾಯಿಯೂ ಹೆಚ್ಚಿಸುತ್ತದೆ. ಕಡಿತಕ್ಕಿಂತ ಬಿದ್ದು ತಲೆ ಒಡೆದುಕೊಳ್ಳುವ ಅಪಾಯವೇ ಅಲ್ಲಿ ದೊಡ್ಡದು. ನಿಧಾನಿಸಿ.

ಮಕ್ಕಳಿಗೆ ಏನು ಹೇಳಿಕೊಡಬೇಕು?

‘ನಾಯಿ ಬಂದರೆ ಮರದ ಹಾಗೆ ನಿಲ್ಲು, ಬಿದ್ದರೆ ಕಲ್ಲಿನ ಹಾಗೆ ಮುದುಡು.’ ಮುದುಡುವುದೆಂದರೆ ಮಂಡಿ ಹೊಟ್ಟೆಗೆ ಒತ್ತಿ, ಮುಖ ನೆಲಕ್ಕೆ ಮಾಡಿ, ಎರಡೂ ಕೈಯಿಂದ ಕಿವಿ ಮತ್ತು ಕುತ್ತಿಗೆ ಮುಚ್ಚಿಕೊಳ್ಳುವುದು. ಇದನ್ನು ಆಟದಂತೆ ಅಂಗಳದಲ್ಲಿ ನಾಲ್ಕಾರು ಸಲ ಮಾಡಿಸಿ. ಬಾಯಲ್ಲಿ ಹೇಳಿದ್ದು ಹೆದರಿಕೆಯಲ್ಲಿ ನೆನಪಾಗುವುದಿಲ್ಲ, ಮೈ ಕಲಿತದ್ದು ನೆನಪಾಗುತ್ತದೆ. ತಿನ್ನುವ, ಮಲಗಿರುವ, ಮರಿಯಿರುವ ನಾಯಿಯ ಹತ್ತಿರ ಹೋಗಬಾರದು, ಕಲ್ಲು ಹೊಡೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿ ಪರಚಿದರೂ ಮನೆಗೆ ಬಂದು ಹೇಳಬೇಕು, ಹೇಳಿದರೆ ಯಾರೂ ಬೈಯುವುದಿಲ್ಲ. ಈ ಕೊನೆಯ ಮಾತನ್ನು ಉಳಿಸಿಕೊಳ್ಳಬೇಕಾದವರು ನೀವು.

ಹೊಕ್ಕುಳ ಸುತ್ತ 14 ಸೂಜಿ ಈಗಲೂ ಇದೆಯೇ?

ಇಲ್ಲ. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ಭಾರತ ಅದರ ತಯಾರಿಕೆಯನ್ನು 2004ರ ಕೊನೆಯಲ್ಲೇ ನಿಲ್ಲಿಸಿತು. ಆದರೂ ಆ ಸೂಜಿಯ ನೆನಪು ಎಷ್ಟು ಗಟ್ಟಿ ಎಂದರೆ, ಅದಕ್ಕೆ ಹೆದರಿ ಇವತ್ತಿಗೂ ಮನೆಯಲ್ಲೇ ಉಳಿಯುವವರಿದ್ದಾರೆ. ನಿಮ್ಮ ಮನೆಯ ಅಜ್ಜ ಅಜ್ಜಿಗೆ ಇದನ್ನು ಬಿಡಿಸಿ ಹೇಳಿ.

ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ, ಎಳೆ ಮಕ್ಕಳಿಗೆ ತೊಡೆಯ ಹೊರಬದಿಗೆ. ಸೊಂಟಕ್ಕೆ, ಪೃಷ್ಠಕ್ಕೆ ಹಾಕುವಂತಿಲ್ಲ, ಅಲ್ಲಿನ ಕೊಬ್ಬಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸ್ನಾಯುವಿಗೆ ಹಾಕುವುದಾದರೆ 0, 3, 7, 14, 28ನೇ ದಿನ, ಒಟ್ಟು ಐದು. ಚರ್ಮದ ಪದರಕ್ಕೆ ಹಾಕುವುದಾದರೆ 0, 3, 7, 28ನೇ ದಿನ, ಪ್ರತಿ ಸಲ ಎರಡೂ ತೋಳಿಗೆ ಒಂದೊಂದು. ಸೊನ್ನೆಯ ದಿನ ಎಂದರೆ ಮೊದಲ ಸೂಜಿ ಬಿದ್ದ ದಿನ, ಕಚ್ಚಿದ ದಿನವಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಸಿರಿಂಜಿನ ತುದಿಯಷ್ಟೇ ಔಷಧಿ ಹಾಕಿದರು. ಅರ್ಧ ಡೋಸ್ ಕೊಟ್ಟು ಕಳಿಸಿದರೇ?

ಪೂರ್ತಿ ಡೋಸೇ ಕೊಟ್ಟಿದ್ದಾರೆ. ಚರ್ಮದ ಪದರಕ್ಕೆ ಹಾಕುವ ಪ್ರಮಾಣವೇ ತೋಳಿಗೆ 0.1 ಮಿಲಿಲೀಟರ್. ಚರ್ಮದಲ್ಲಿ ರೋಗನಿರೋಧಕ ಕಾವಲು ಕೋಶಗಳು ದಟ್ಟವಾಗಿರುವುದರಿಂದ ಅಷ್ಟೇ ಸಾಕಾಗುತ್ತದೆ. ಭಾರತದಲ್ಲಿ 2006ರಿಂದ ಈ ವಿಧಾನಕ್ಕೆ ಅನುಮತಿ ಇದೆ. ಸರಿಯಾಗಿ ಬಿದ್ದರೆ ಕಿತ್ತಳೆ ಸಿಪ್ಪೆಯಂಥ ಪುಟ್ಟ ಗುಳ್ಳೆ ಏಳುತ್ತದೆ. ಒಂದೇ ಸೀಸೆಯಲ್ಲಿ ಹಲವರಿಗೆ ಹಾಕಬಹುದಾದ್ದರಿಂದ ಉಚಿತ ಲಸಿಕೆ ಹೆಚ್ಚು ಜನರಿಗೆ ತಲುಪುತ್ತದೆ.

ಗಾಯಕ್ಕೇ ಚುಚ್ಚುವ ಇಂಜೆಕ್ಷನ್ ಯಾವುದು? ಅದನ್ನು ಬಿಟ್ಟರೆ ಆಗುವುದಿಲ್ಲವೇ?

ಮೂರನೇ ವರ್ಗದ ಗಾಯಕ್ಕೆ ಬಿಡುವಂತಿಲ್ಲ. ಲಸಿಕೆ ಎಂದರೆ ದೇಹಕ್ಕೆ ಪಾಠ. ಪಾಠ ಕಲಿತು ಪ್ರತಿಕಾಯ ತಯಾರಾಗಲು ಒಂದರಿಂದ ಎರಡು ವಾರ ಬೇಕು. ಆ ಎರಡು ವಾರ ಗಾಯದಲ್ಲಿ ಕೂತ ವೈರಾಣುವನ್ನು ತಡೆಯುವವರು ಯಾರು? ಅದಕ್ಕೇ ತಯಾರಾಗಿಯೇ ಸಿಗುವ ಪ್ರತಿಕಾಯ, ಅಂದರೆ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್. ಕುದುರೆಯ ಸೀರಮ್ಮಿನದಾದರೆ ಕೆಜಿ ತೂಕಕ್ಕೆ 40 ಯೂನಿಟ್, ಮನುಷ್ಯರದಾದರೆ 20. ಪ್ರಯೋಗಾಲಯದಲ್ಲೇ ತಯಾರಿಸಿದ ಮೊನೋಕ್ಲೋನಲ್ ಪ್ರತಿಕಾಯಗಳೂ ಈಗ ನಮ್ಮ ದೇಶದಲ್ಲೇ ಸಿಗುತ್ತವೆ. ಅದನ್ನು ಪ್ರತಿ ಗಾಯದ ಒಳಗೆ ಮತ್ತು ಸುತ್ತ ಇಳಿಸಬೇಕು. ನೋವಾಗುತ್ತದೆ, ಅದರಲ್ಲೂ ಬೆರಳು, ಮೂಗು, ಕಿವಿಯ ಗಾಯಕ್ಕೆ. ಮಗು ಚೀರುವುದನ್ನು ನೋಡಲಾರದೆ ‘ತೋಳಿಗೇ ಹಾಕಿಬಿಡಿ ಡಾಕ್ಟ್ರೇ’ ಎನ್ನುವ ತಂದೆತಾಯಿಯರ ಸಂಕಟ ಅರ್ಥವಾಗುತ್ತದೆ, ಆದರೆ ತೋಳಿಗೆ ಹಾಕಿದ್ದು ಕೆನ್ನೆಯ ಗಾಯವನ್ನು ಕಾಯುವುದಿಲ್ಲ.

ಮೊದಲ ದಿನವೇ ಹಾಕಿಸುವುದು ಉತ್ತಮ. ಅಲ್ಲಿ ಲಭ್ಯವಿಲ್ಲದಿದ್ದರೆ ಲಸಿಕೆ ಶುರುಮಾಡಿ, ಏಳು ದಿನದೊಳಗೆ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಹೋಗಿ ಹಾಕಿಸಿಕೊಳ್ಳಿ. ಲಸಿಕೆ ಶುರುವಾಗಿ ಏಳು ದಿನ ದಾಟಿದರೆ ಲಸಿಕೆಯ ಪ್ರತಿಕಾಯಗಳೇ ಬಂದಿರುವುದರಿಂದ ಇದು ಬೇಡ. ಎಚ್‌ಐವಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಎರಡನೇ ವರ್ಗದ ಗಾಯಕ್ಕೂ ಇದು ಬೇಕಾಗುತ್ತದೆ, ಮೊದಲೇ ತಿಳಿಸಿ. ಗಾಯಕ್ಕೆ ಹೊಲಿಗೆಯನ್ನು ಆದಷ್ಟೂ ಹಾಕುವುದಿಲ್ಲ. ಹಾಕಲೇಬೇಕಾದರೆ ಈ ಇಂಜೆಕ್ಷನ್ ಆದ ಮೇಲೆ, ಸಡಿಲವಾಗಿ. ಟೆಟನಸ್ ಸೂಜಿ ಬೇರೆ, ಅದು ರೇಬೀಸ್ ತಡೆಯುವುದಿಲ್ಲ. ‘ಟಿಟಿ ಹಾಕಿಸಿದೆವು’ ಎಂದು ಮನೆಗೆ ಹೋದವರು ದಯವಿಟ್ಟು ತಿರುಗಿ ಬನ್ನಿ.

ಲಸಿಕೆ ಹಾಕಿಸಿದ ಮಕ್ಕಳೂ ಸತ್ತ ಸುದ್ದಿ ಓದಿದೆವು. ಹಾಗಾದರೆ ಲಸಿಕೆಯಿಂದ ಏನು ಪ್ರಯೋಜನ?

2025ರ ಏಪ್ರಿಲ್, ಮೇ ತಿಂಗಳಲ್ಲಿ ಕೇರಳದಿಂದ ಅಂಥ ಸುದ್ದಿಗಳು ಬಂದವು, ನಿಜ. ಓದಿ ಯಾವ ತಾಯಿಗೂ ನಿದ್ದೆ ಬರಲಾರದು. ತಲೆ, ಮುಖ, ಕೈಯ ಆಳ ಗಾಯಗಳಲ್ಲಿ ವೈರಾಣು ನೇರವಾಗಿ ನರಕ್ಕೇ ಇಳಿದಿದ್ದರೆ ಪ್ರತಿಕಾಯ ತಲುಪುವ ಮೊದಲೇ ಅದು ನಡೆದುಬಿಟ್ಟಿರುತ್ತದೆ. ತೊಳೆಯುವುದರಲ್ಲಿ ತಡ, ಒಂದು ಸಣ್ಣ ಗಾಯ ಕಣ್ತಪ್ಪಿ ಇಮ್ಯುನೋಗ್ಲಾಬ್ಯುಲಿನ್ ಸಿಗದೇ ಹೋಗುವುದು, ತಲೆಗೂದಲಿನೊಳಗಿನ ಗೀರು ಕಾಣದಿರುವುದು ಇವೂ ಕಾರಣವಾಗಬಹುದು. ಆದ್ದರಿಂದ ಮಗುವಿನ ಬಟ್ಟೆ ಪೂರ್ತಿ ತೆಗೆದು, ಕೂದಲು ಬಿಡಿಸಿ, ಕಿವಿಯ ಹಿಂದೆ ನೋಡಿ, ಸಿಕ್ಕ ಪ್ರತಿ ಗಾಯವನ್ನೂ ವೈದ್ಯರಿಗೆ ತೋರಿಸಿ. ಸರಿಯಾಗಿ, ಬೇಗ, ಪೂರ್ತಿ ಚಿಕಿತ್ಸೆ ಪಡೆದವರಲ್ಲಿ ಇಂಥ ಸಾವು ಅತಿ ವಿರಳ. ಲಸಿಕೆ ಪಡೆಯದೆ ರೋಗ ಹತ್ತಿದವರ ಸಾವು ವಿರಳವಲ್ಲ.

ಒಂದು ಡೋಸ್ ತಪ್ಪಿತು. ಮೊದಲಿಂದ ಶುರುಮಾಡಬೇಕೇ?

ಬೇಡ. ನೆನಪಾದ ದಿನವೇ ಹೋಗಿ, ನಿಂತಲ್ಲಿಂದ ಮುಂದುವರಿಸಿ. ಊರು ಬದಲಾದರೂ ಸಮಸ್ಯೆಯಿಲ್ಲ, ಚೀಟಿ ತೋರಿಸಿದರೆ ಬೇರೆ ಊರಿನ ಆಸ್ಪತ್ರೆಯಲ್ಲಿ ಉಳಿದದ್ದನ್ನು ಹಾಕುತ್ತಾರೆ. ಜನ ಹೆಚ್ಚಾಗಿ ಬಿಡುವುದು 28ನೇ ದಿನದ್ದನ್ನು. ಗಾಯ ಮಾಯ್ದಿರುತ್ತದೆ, ಕೂಲಿ ಕೆಲಸ ಬಿಟ್ಟು ಬರಬೇಕು, ಬಸ್ಸಿನ ಖರ್ಚು ಬೇರೆ. ಆ ಕಷ್ಟ ಸುಳ್ಳಲ್ಲ. ಆದರೆ ಆ ಡೋಸ್ ಹಿಂದಿನವುಗಳ ಕೆಲಸವನ್ನು ದೀರ್ಘಕಾಲ ಉಳಿಯುವಂತೆ ಮಾಡುತ್ತದೆ.

ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಿ. ಮುಂದೆ ಎಂದಾದರೂ ಮತ್ತೆ ನಾಯಿ ಕಚ್ಚಿದರೆ, ಪೂರ್ತಿ ಲಸಿಕೆ ಪಡೆದ ದಾಖಲೆ ಇರುವವರಿಗೆ 0 ಮತ್ತು 3ನೇ ದಿನ ಎರಡು ಸಲ ಮಾತ್ರ ಸಾಕು, ಗಾಯಕ್ಕೆ ಚುಚ್ಚುವುದು ಬೇಡ. ಪಶುವೈದ್ಯರು, ನಾಯಿ ಹಿಡಿಯುವವರು, ಬೀದಿ ನಾಯಿಗಳ ಆರೈಕೆ ಮಾಡುವವರು ಕಚ್ಚುವ ಮೊದಲೇ ಮೂರು ಡೋಸ್ ಪಡೆದಿಟ್ಟುಕೊಂಡರೆ ಇದೇ ಅನುಕೂಲ ಸಿಗುತ್ತದೆ.

ನಮ್ಮ ನಾಯಿಗೆ ಲಸಿಕೆ ಹಾಕಿಸಿದ್ದೇವೆ. ಅದು ಕಚ್ಚಿದರೂ ಹೋಗಬೇಕೇ?

ಹೋಗಿ. ಸರಿಯಾದ ಕಾಲಕ್ಕೆ ಹಾಕಿಸಿದ್ದೀರಾ, ಪ್ರತಿ ವರ್ಷ ಹಾಕಿಸಿದ್ದೀರಾ ಎಂಬುದನ್ನು ವೈದ್ಯರು ನೋಡಲಿ. ನಾಯಿ, ಬೆಕ್ಕಿಗೆ ಮಾತ್ರ ಅನ್ವಯಿಸುವ ಹತ್ತು ದಿನದ ಲೆಕ್ಕ ಒಂದಿದೆ. ಎಂಜಲಿನಲ್ಲಿ ವೈರಾಣು ಬರುವ ಹೊತ್ತಿಗೆ ನಾಯಿಯ ಅಂತ್ಯ ಹತ್ತಿರವಾಗಿರುತ್ತದೆ. ಕಚ್ಚಿ ಹತ್ತು ದಿನ ಕಳೆದರೂ ಅದು ಆರೋಗ್ಯವಾಗಿ ಓಡಾಡಿಕೊಂಡಿದ್ದರೆ, ಕಚ್ಚಿದ ದಿನ ಅದರ ಎಂಜಲಿನಲ್ಲಿ ರೇಬೀಸ್ ಇರಲಿಲ್ಲ ಎಂದರ್ಥ. ಆಗ ಉಳಿದ ಡೋಸ್ ನಿಲ್ಲಿಸಬಹುದೇ ಎಂದು ವೈದ್ಯರು ಹೇಳುತ್ತಾರೆ. ಇದನ್ನು ಜನ ತಿರುಗಿಸಿ ಕೇಳಿಸಿಕೊಳ್ಳುತ್ತಾರೆ: ‘ಹತ್ತು ದಿನ ನೋಡೋಣ, ನಾಯಿ ಸತ್ತರೆ ಹೋಗೋಣ’. ಹಾಗಲ್ಲ. ಲಸಿಕೆ ಇವತ್ತೇ ಶುರು, ನಾಯಿಯ ಮೇಲೆ ಕಣ್ಣು ಜೊತೆಜೊತೆಗೆ.

ಮರಿಗಳಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಬೂಸ್ಟರ್. ಅಲ್ಲಿಯವರೆಗೆ ಅವು ಕಾಪಿಲ್ಲದ ಜೀವಗಳು. ತಾಯಿಗೆ ರೋಗವಿದ್ದರೆ, ಹುಚ್ಚು ನಾಯಿ ಕಚ್ಚಿದ್ದರೆ ಮುದ್ದಾದ ಮರಿಯಿಂದಲೂ ಬರುತ್ತದೆ. ಚರಂಡಿಯಿಂದ ಮರಿಯೊಂದನ್ನು ಎತ್ತುವಾಗ ಆದ ಕಡಿತವನ್ನು ಕಡೆಗಣಿಸಿ ಉತ್ತರ ಭಾರತದ ಯುವ ಕಬಡ್ಡಿ ಆಟಗಾರನೊಬ್ಬ 2025ರಲ್ಲಿ ಜೀವ ಕಳೆದುಕೊಂಡ.

ಹುಚ್ಚು ಹಿಡಿದ ನಾಯಿಯನ್ನು ಗುರುತಿಸುವುದು ಹೇಗೆ? ನಮ್ಮನ್ನು ಕಚ್ಚಿದ ನಾಯಿ ನೀರು ಕುಡಿಯಿತಲ್ಲ?

ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ರೋಗ ಬಂದ ನಾಯಿ ನೀರಿಗೆ ಬಾಯಿ ಹಾಕುತ್ತದೆ, ಗುಂಡಿಯ ನೀರು ದಾಟಿಯೂ ಹೋಗುತ್ತದೆ. ನೀರು ಕುಡಿಯಿತು, ಆದ್ದರಿಂದ ಹುಚ್ಚಿಲ್ಲ ಎಂಬ ತೀರ್ಮಾನ ತಪ್ಪು. ನೋಡಬೇಕಾದ್ದು ನಡತೆಯ ಬದಲಾವಣೆ: ಕಾರಣವಿಲ್ಲದೆ ಸಿಕ್ಕಸಿಕ್ಕವರಿಗೆ, ಹಸುವಿಗೆ, ಕಂಬಕ್ಕೆ ಬಾಯಿ ಹಾಕುತ್ತಾ ನೇರ ಓಡುವುದು, ಕಲ್ಲು ಕಡ್ಡಿ ಮಣ್ಣು ತಿನ್ನುವುದು, ದನಿ ಒಡೆಯುವುದು, ಜೊಲ್ಲು ಇಳಿಯುವುದು, ಹಿಂಗಾಲು ತೂರಾಡುವುದು.

ಇನ್ನೊಂದು ಬಗೆ ಮೌನದ್ದು, ಹೆಚ್ಚು ಮೋಸದ್ದು. ನಾಯಿ ಕತ್ತಲ ಮೂಲೆ ಸೇರುತ್ತದೆ, ದವಡೆ ಜೋತು ಬೀಳುತ್ತದೆ, ನುಂಗಲಾರದೆ ಒದ್ದಾಡುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಮನೆಯವರು ಪ್ರೀತಿಯಿಂದ ಬಾಯಿಗೆ ಕೈ ಹಾಕುತ್ತಾರೆ. ಬಾಯಿ ಮುಚ್ಚಲಾಗದ ನಾಯಿಯ ಬಾಯಿಗೆ ಬರಿಗೈ ಹಾಕಬೇಡಿ, ಪಶುವೈದ್ಯರನ್ನು ಕರೆಯಿರಿ. ಸತ್ತ ನಾಯಿಯ ಪರೀಕ್ಷೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಯೋಗಾಲಯವಿದೆ, ಆದರೆ ವರದಿ ಬರಲಿ ಎಂದು ಚಿಕಿತ್ಸೆ ತಡಮಾಡುವಂತಿಲ್ಲ.

ಬೆಕ್ಕು, ಕೋತಿ, ಹಸು, ಇಲಿ?

ಬೆಕ್ಕಿನ ಪರಚುವಿಕೆಯನ್ನೂ ನಾಯಿಯದರಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಕೋತಿ, ಮುಂಗುಸಿ, ನರಿ, ತೋಳ ಕಚ್ಚಿದರೂ ಲಸಿಕೆ ಬೇಕು. ಹುಚ್ಚು ನಾಯಿ ಕಚ್ಚಿದ ಹಸು, ಎಮ್ಮೆಗೂ ರೋಗ ಬರುತ್ತದೆ. ಮೇವು ಬಿಟ್ಟು, ಜೊಲ್ಲು ಸುರಿಸಿ, ವಿಚಿತ್ರವಾಗಿ ಅರಚುವ ಹಸುವಿನ ಬಾಯಿಗೆ ಔಷಧಿ ಹಾಕಲು ಕೈ ಇಟ್ಟವರು ಆಸ್ಪತ್ರೆಗೆ ಹೋಗಲೇಬೇಕು. ಮನೆಯ ಇಲಿ, ಅಳಿಲು, ಮೊಲ ಕಚ್ಚಿದ್ದಕ್ಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ವೈದ್ಯರನ್ನೊಮ್ಮೆ ಕೇಳಿ.

ಹುಚ್ಚು ಹಿಡಿದ ಹಸುವಿನ ಹಾಲು ಕುಡಿದುಬಿಟ್ಟಿದ್ದೇವೆ, ಇಡೀ ಊರೇ ಕುಡಿದಿದೆ.

ಹಸು ಸತ್ತ ಮೇಲೆ ಡೈರಿಗೆ ಹಾಲು ಹಾಕಿದ್ದು ನೆನಪಾಗಿ ಹಳ್ಳಿಗೆ ಹಳ್ಳಿಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ನಿಲ್ಲುವುದು ನಮ್ಮಲ್ಲಿ ಆಗಾಗ ನಡೆಯುತ್ತದೆ. ಕಾಯಿಸಿದ ಹಾಲು, ಅದರ ಮೊಸರು, ಕಾಫಿಯಿಂದ ರೇಬೀಸ್ ಬರುವುದಿಲ್ಲ. ಕುದಿಸಿದರೆ ವೈರಾಣು ಉಳಿಯುವುದಿಲ್ಲ. ಹಸಿ ಹಾಲಿನಿಂದ ಮನುಷ್ಯರಿಗೆ ಬಂದದ್ದಕ್ಕೂ ಪುರಾವೆಯಿಲ್ಲ, ಆದರೂ ರೋಗದ ಪ್ರಾಣಿಯ ಹಾಲು ಕರೆಯಬಾರದು, ಕುಡಿಯಬಾರದು. ಅಂಥ ದಿನ ನಿಜವಾಗಿ ಲಸಿಕೆ ಬೇಕಾದವರು ಹಸುವಿನ ಬಾಯಿ ಮುಟ್ಟಿದ ಒಬ್ಬಿಬ್ಬರು. ಅವರು ಸರದಿಯ ಕೊನೆಯಲ್ಲಿ ನಿಲ್ಲುವಂತಾಗಬಾರದು.

ಗರ್ಭಿಣಿ, ಬಾಣಂತಿಯರು ಹಾಕಿಸಿಕೊಳ್ಳಬಹುದೇ? ಪಥ್ಯ ಇದೆಯೇ?

ಹಾಕಿಸಿಕೊಳ್ಳಲೇಬೇಕು. ಗರ್ಭಕ್ಕೂ ಹಾಲೂಡುವ ಮಗುವಿಗೂ ಇದರಿಂದ ತೊಂದರೆಯಿಲ್ಲ. ಪಥ್ಯವೂ ಇಲ್ಲ: ಬದನೆಕಾಯಿ, ಮೊಟ್ಟೆ, ಮಾಂಸ ಎಲ್ಲ ತಿನ್ನಬಹುದು. ಸ್ನಾನವನ್ನೂ ಮಾಡಬಹುದು.

ಬೀದಿ ನಾಯಿಗಳನ್ನೆಲ್ಲ ಕೊಂದುಬಿಟ್ಟರೆ, ಊರಾಚೆ ಬಿಟ್ಟುಬಂದರೆ ಮುಗಿಯಿತಲ್ಲ?

ಮಗುವಿಗೆ ಕಚ್ಚಿದ ಮನೆಯಲ್ಲಿ ಈ ಸಿಟ್ಟು ಬರುವುದು ಸಹಜ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಕೊಲ್ಲುವುದು ಕಾನೂನಿಗೆ ವಿರುದ್ಧ, ರೋಗವನ್ನೂ ನಿಲ್ಲಿಸುವುದಿಲ್ಲ. ಲಸಿಕೆ ಪಡೆದ ನಾಯಿಗಳನ್ನು ತೆಗೆದರೆ ಕಸದ ರಾಶಿ ಉಳಿಯುತ್ತದೆ, ಆ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬರುತ್ತವೆ. ಪ್ರದೇಶವೊಂದರ ನೂರಕ್ಕೆ 70 ನಾಯಿಗಳಿಗೆ ಲಸಿಕೆ ಬಿದ್ದರೆ ವೈರಾಣುವಿನ ಸರಪಳಿ ತುಂಡಾಗುತ್ತದೆ. ಮೆಕ್ಸಿಕೋದಲ್ಲಿ 1990ರಲ್ಲಿ 60 ಮಂದಿ ಸತ್ತಿದ್ದರು. ನಾಯಿಗಳಿಗೆ ಸಾಮೂಹಿಕ ಲಸಿಕೆ ಹಾಕುತ್ತಾ ಹೋಗಿ 2019ರಲ್ಲಿ ಅದು ನಾಯಿಯಿಂದ ಹರಡುವ ಮಾನವ ರೇಬೀಸ್‌ನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಮೊದಲ ದೇಶವಾಯಿತು. ಅಷ್ಟು ದೂರ ಏಕೆ, ಕಾರವಾರ ದಾಟಿದರೆ ಸಿಗುವ ಗೋವಾ ಮನೆಮನೆ, ಬೀದಿಬೀದಿ ಸುತ್ತಿ ಲಸಿಕೆ ಹಾಕಿ 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು.

ಬೆಂಗಳೂರಿನಲ್ಲಿ 2023ರ ಗಣತಿ ಸುಮಾರು 2.79 ಲಕ್ಷ ಬೀದಿ ನಾಯಿಗಳನ್ನು ಲೆಕ್ಕ ಹಾಕಿತು, 2019ರಲ್ಲಿ 3.10 ಲಕ್ಷ ಇದ್ದವು. ಸಂತಾನಹರಣದಿಂದ ಸಂಖ್ಯೆ ಇಳಿಯುತ್ತದೆ, ನಿಧಾನವಾಗಿ. ಕಿವಿಯ ತುದಿ ಕತ್ತರಿಸಿದ್ದರೆ ಆ ನಾಯಿಗೆ ಶಸ್ತ್ರಚಿಕಿತ್ಸೆ ಆಗಿದೆ ಎಂದು ತಿಳಿಯಿರಿ. ರೇಬೀಸ್ ಲಸಿಕೆ ಮಾತ್ರ ಮರುಕಳಿಸಬೇಕು, ಹಳೆಯ ಕಿವಿಗುರುತು ಈ ವರ್ಷದ ಲಸಿಕೆಗೆ ಸಾಕ್ಷಿಯಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಈ ಹೊಣೆ ಸ್ಥಳೀಯ ಸಂಸ್ಥೆಯದು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು, ಸಂತಾನಹರಣ ಮತ್ತು ಲಸಿಕೆಯ ನಂತರ ನಾಯಿಗಳನ್ನು ಅದೇ ಜಾಗಕ್ಕೆ ಬಿಡಬೇಕು, ರೇಬೀಸ್ ಇರುವ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ತೆಗೆದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದು ಎಂದು ಸೇರಿಸಿತು. ನಿಮ್ಮ ಪಂಚಾಯಿತಿ, ಪುರಸಭೆಗೆ ಅರ್ಜಿ ಕೊಡುವಾಗ ‘ನಾಯಿ ಹಿಡಿಯಿರಿ’ ಎಂದಷ್ಟೇ ಬರೆಯಬೇಡಿ. ಎಷ್ಟು ನಾಯಿಗಳಿಗೆ ಈ ವರ್ಷ ಲಸಿಕೆ ಬಿದ್ದಿದೆ ಎಂಬ ಲೆಕ್ಕ ಕೇಳಿ. ಕೋಳಿ ಅಂಗಡಿಯ ತ್ಯಾಜ್ಯ ಎಲ್ಲಿಗೆ ಹೋಗುತ್ತಿದೆ ಎಂದೂ ಕೇಳಿ.

ನಾವು ಬೀದಿ ನಾಯಿಗಳಿಗೆ ಅನ್ನ ಹಾಕುತ್ತೇವೆ. ತಪ್ಪೇ?

ಹಸಿದ ಜೀವಕ್ಕೆ ಅನ್ನ ಹಾಕುವುದು ತಪ್ಪಲ್ಲ, ಎಲ್ಲಿ ಹಾಕುತ್ತೀರಿ ಎಂಬುದು ಪ್ರಶ್ನೆ. ಶಾಲೆಯ ಗೇಟು, ಅಂಗನವಾಡಿ, ಬೇರೆಯವರ ಮನೆಬಾಗಿಲು ಬೇಡ. ಸ್ಥಳೀಯ ಸಂಸ್ಥೆ ಗುರುತಿಸಿದ ಜಾಗದಲ್ಲಿ, ಮಕ್ಕಳಿಲ್ಲದ ಹೊತ್ತಿನಲ್ಲಿ ಹಾಕಿ, ಉಳಿದದ್ದನ್ನು ತೆಗೆಯಿರಿ. ನಿಮ್ಮ ಕೈಗೆ ಬರುವ ನಾಯಿಯನ್ನು ಹಿಡಿಯುವುದು ಲಸಿಕೆ ತಂಡಕ್ಕಿಂತ ನಿಮಗೆ ಸುಲಭ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರ ನಡೆಯುತ್ತದೆ, ಅಲ್ಲಿಗೆ ಕರೆತನ್ನಿ.

ಕಚ್ಚಿ ನಾಲ್ಕು ತಿಂಗಳಾಯಿತು. ಆಗ ಏನೂ ಮಾಡಿಸಲಿಲ್ಲ, ನಾಯಿ ಏನಾಯಿತೋ ಗೊತ್ತಿಲ್ಲ. ಈಗ ಹೋಗಿ ಪ್ರಯೋಜನವಿದೆಯೇ?

ಇದೆ. ಲಕ್ಷಣ ಬಾರದಿರುವವರೆಗೂ ತಡವಾಯಿತು ಎಂಬುದಿಲ್ಲ. ವೈದ್ಯರು ನಿಮ್ಮನ್ನು ಇವತ್ತು ಕಚ್ಚಿಸಿಕೊಂಡು ಬಂದವರಂತೆಯೇ ನೋಡುತ್ತಾರೆ: ಲಸಿಕೆ, ಮೂರನೇ ವರ್ಗದ್ದಾಗಿದ್ದರೆ ಮಾಯ್ದ ಗಾಯದ ಜಾಗಕ್ಕೂ ಇಮ್ಯುನೋಗ್ಲಾಬ್ಯುಲಿನ್. ಇಷ್ಟು ದಿನ ಏಕೆ ಬರಲಿಲ್ಲ ಎಂದು ಯಾರಾದರೂ ಗದರಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸೂಜಿ ಹಾಕಿಸಿಕೊಂಡೇ ಬನ್ನಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಯನ್ನು ಕೇಳಿ.